ಪ್ರಕೃತಿಯ ಹೆಣಿಗೆಯನ್ನು ಕಂಡ ಹಂಬೋಲ್ಟ್

ಭೂಗೋಳದ ಪಠ್ಯಪುಸ್ತಕದಲ್ಲಿ ಒಂದೇ ಉಷ್ಣತೆಯುಳ್ಳ ಸ್ಥಳಗಳನ್ನು ಕೂಡಿಸುವ ಬಾಗುಗೆರೆಗಳನ್ನು ನೀವು ನೋಡಿರುತ್ತೀರಿ. ಅವುಗಳಿಗೆ ಸಮೋಷ್ಣ ರೇಖೆಗಳೆಂದು ಹೆಸರು. ದಕ್ಷಿಣ ಅಮೆರಿಕದ ಪಶ್ಚಿಮ ತೀರದುದ್ದಕ್ಕೂ ಉತ್ತರಾಭಿಮುಖವಾಗಿ ಹರಿಯುವ ಶೀತಪ್ರವಾಹಕ್ಕೆ ಹಂಬೋಲ್ಟ್ ಪ್ರವಾಹವೆಂಬ ಹೆಸರಿರುವುದನ್ನೂ ಓದಿರುತ್ತೀರಿ. 1817ರಲ್ಲಿ ಆ ಗೆರೆಗಳನ್ನು ಬಳಕೆಗೆ ತಂದವನೂ, 1802ರಲ್ಲಿ ಆ ಕಡಲಿನ ತಂಪನ್ನು ಅಳೆದು ನೋಡಿದವನೂ ಒಬ್ಬನೇ. ಅವನೇ ಜರ್ಮನಿಯ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್. ಆದರೆ ಅವನ ಹೆಸರು ಉಳಿಯಬೇಕಾದುದಕ್ಕೆ ಇವೆರಡಕ್ಕಿಂತ ದೊಡ್ಡ ಕಾರಣವೊಂದುಂಟು. ಕಾಡು, ನೀರು, ಮಣ್ಣು ಮತ್ತು ಹವೆ ಒಂದನ್ನೊಂದು ಅವಲಂಬಿಸಿವೆಯೆಂಬುದನ್ನೂ, ಮನುಷ್ಯನ ಬೇಸಾಯ, ವ್ಯಾಪಾರ ಮತ್ತು ಅಧಿಕಾರಗಳು ಈ ಹೆಣಿಗೆಯ ಎಳೆಗಳೇ ಆಗಿವೆಯೆಂಬುದನ್ನೂ ಕಣ್ಣಾರೆ ಕಂಡು, ಅಳೆದು, ಜಗತ್ತಿಗೆ ತಿಳಿಸಿಕೊಟ್ಟವರಲ್ಲಿ ಅವನು ಮೊದಲಿಗನು.

ಹಂಬೋಲ್ಟ್ 1769ನೆಯ ಇಸವಿ ಸೆಪ್ಟೆಂಬರ್ 14ರಂದು ಬರ್ಲಿನ್ ನಗರದಲ್ಲಿ ಹುಟ್ಟಿದನು. ತಂದೆ ಪ್ರಷ್ಯಾ ರಾಜ್ಯದ ಸೇನೆಯಲ್ಲಿ ಅಧಿಕಾರಿಯಾಗಿದ್ದವನು. ಮನೆಯಲ್ಲಿ ಸಂಪತ್ತಿಗೆ ಕೊರತೆಯಿರಲಿಲ್ಲ. ಆದರೆ ಒಂಬತ್ತನೆಯ ವಯಸ್ಸಿನಲ್ಲಿಯೇ ಬಾಲಕನು ತಂದೆಯನ್ನು ಕಳೆದುಕೊಂಡನು. ತಾಯಿ ಶಿಸ್ತಿನ ಹೆಂಗಸು. ಇಬ್ಬರು ಮಕ್ಕಳಿಗೂ ಮನೆಯಲ್ಲಿಯೇ ಒಳ್ಳೆಯ ಉಪಾಧ್ಯಾಯರಿಂದ ಪಾಠ ಹೇಳಿಸಿದಳು. ಅಣ್ಣ ವಿಲ್ಹೆಲ್ಮನು ಪುಸ್ತಕಗಳಲ್ಲಿ ಮುಳುಗಿರುತ್ತಿದ್ದರೆ, ತಮ್ಮನು ತೋಟ ಕಾಡುಗಳಲ್ಲಿ ಅಲೆದು ಎಲೆ, ಹುಳು, ಚಿಪ್ಪು, ಕಲ್ಲುಗಳನ್ನು ಜೇಬಿನ ತುಂಬ ತುಂಬಿಕೊಂಡು ಬರುತ್ತಿದ್ದನು. ಮನೆಯವರು ಅವನನ್ನು ಪುಟ್ಟ ಔಷಧಿ ವ್ಯಾಪಾರಿಯೆಂದು ಹಾಸ್ಯ ಮಾಡುತ್ತಿದ್ದರು. ಮುಂದೆ ಅಣ್ಣನು ಭಾಷಾವಿದ್ವಾಂಸನೆಂದೂ, ಬರ್ಲಿನ್ ವಿಶ್ವವಿದ್ಯಾನಿಲಯದ ಸ್ಥಾಪಕನೆಂದೂ ಹೆಸರಾದನು.

ದೂರದ ದೇಶಗಳನ್ನು ನೋಡಬೇಕೆಂಬುದು ಕಿರಿಯವನ ಬಯಕೆ. ಮಕ್ಕಳು ಸರ್ಕಾರದ ಅಧಿಕಾರಿಗಳಾಗಬೇಕೆಂಬುದು ತಾಯಿಯ ಹಂಬಲ. ತಾಯಿಯ ಮಾತನ್ನು ಮೀರಲಾರದೆ ಹಂಬೋಲ್ಟ್ ಫ್ರೈಬರ್ಗಿನ ಗಣಿ ವಿದ್ಯಾಲಯಕ್ಕೆ ಸೇರಿ, 1792ರಲ್ಲಿ ಗಣಿಗಳ ಅಧಿಕಾರಿಯಾದನು. ಒಲ್ಲದ ಉದ್ಯೋಗವೆಂದು ಅವನು ಅದರಲ್ಲಿ ಉದಾಸೀನ ತೋರಲಿಲ್ಲ. ನೆಲದಡಿಯ ಕತ್ತಲಲ್ಲಿ, ವಿಷವಾಯುವಿನ ನಡುವೆ ದುಡಿಯುತ್ತಿದ್ದ ಕೂಲಿಗಾರರ ಕಷ್ಟ ಅವನ ಮನಸ್ಸನ್ನು ಕಲಕಿತು. ಉಸಿರಾಟಕ್ಕೆ ನೆರವಾಗುವ ಮುಖವಾಡವನ್ನೂ, ಕೆಟ್ಟ ಗಾಳಿಯಲ್ಲಿಯೂ ಉರಿಯಬಲ್ಲ ದೀಪವನ್ನೂ ಅವರಿಗಾಗಿ ರೂಪಿಸಿದನು. ತನ್ನ ಸ್ವಂತ ಹಣದಿಂದ ಗಣಿ ಕೆಲಸಗಾರರಿಗಾಗಿ ಒಂದು ಶಾಲೆಯನ್ನು ತೆರೆದನು. ಭೂಮಿಯ ಸಂಪತ್ತನ್ನು ಹೊರತೆಗೆಯುವಾಗ ಅದರ ಬೆಲೆಯನ್ನು ಯಾರೋ ಒಬ್ಬರು ತಮ್ಮ ದೇಹದಿಂದ ತೆರುತ್ತಾರೆಂಬ ಅರಿವು ಅವನಿಗೆ ಆ ವಯಸ್ಸಿನಲ್ಲಿಯೇ ಮೂಡಿತು.

1796ರಲ್ಲಿ ತಾಯಿ ತೀರಿಕೊಂಡಳು. ಪಾಲಿಗೆ ಬಂದ ಆಸ್ತಿಯನ್ನು ಇಟ್ಟುಕೊಂಡು ಸುಖವಾಗಿ ಬಾಳುವ ಅವಕಾಶ ಅವನಿಗಿತ್ತು. ಹಂಬೋಲ್ಟ್ ಉದ್ಯೋಗವನ್ನು ಬಿಟ್ಟು, ಆ ಹಣವನ್ನು ಪ್ರವಾಸಕ್ಕೂ ಸಂಶೋಧನೆಗೂ ಮೀಸಲಿಟ್ಟನು. ಹಲವು ಯೋಜನೆಗಳು ಯುದ್ಧದ ಕಾರಣದಿಂದ ಮುರಿದುಬಿದ್ದ ಬಳಿಕ, ಕೊನೆಗೆ ಸ್ಪೇನಿನ ದೊರೆಯಿಂದ ಅಮೆರಿಕದ ವಸಾಹತುಗಳನ್ನು ಸುತ್ತಲು ಅನುಮತಿ ದೊರೆಯಿತು. 1799ರ ಜೂನ್ 5ರಂದು ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಬೋಂಪ್ಲಾಂಡನೊಡನೆ ಅವನು ಹಡಗನ್ನೇರಿದನು. ಉಷ್ಣತಾಮಾಪಕ, ವಾಯುಭಾರಮಾಪಕ, ದೂರದರ್ಶಕ ಮೊದಲಾದ ಹತ್ತಾರು ಉಪಕರಣಗಳು ಅವನ ಸಂಗಡ ಹೊರಟವು. ಜುಲೈ 16ರಂದು ಹಡಗು ಇಂದಿನ ವೆನಿಜುವೆಲ ದೇಶದ ಕುಮಾನಾ ಬಂದರನ್ನು ಮುಟ್ಟಿತು.

ಕುಮಾನಾ ಅವನಿಗೆ ಬೆರಗನ್ನೂ ನೋವನ್ನೂ ಒಟ್ಟಿಗೆ ನೀಡಿತು. ಹಿಂದೆಂದೂ ಕಾಣದ ಹೂಗಳು, ಹಕ್ಕಿಗಳು, ತಾಳೆಯ ಮರಗಳು ಒಂದು ಕಡೆ. ಅವನು ತಂಗಿದ್ದ ಮನೆಯ ಎದುರಿನ ಚೌಕದಲ್ಲಿಯೇ ಆಫ್ರಿಕದಿಂದ ತಂದ ಮನುಷ್ಯರನ್ನು ದನಗಳಂತೆ ಹಲ್ಲು ನೋಡಿ ಮಾರುತ್ತಿದ್ದ ಸಂತೆ ಮತ್ತೊಂದು ಕಡೆ. ಈ ದೃಶ್ಯವನ್ನು ಅವನು ಬದುಕಿರುವವರೆಗೂ ಮರೆಯಲಿಲ್ಲ.

1800ರ ಫೆಬ್ರವರಿಯಲ್ಲಿ ಹಂಬೋಲ್ಟ್ ಅರಾಗ್ವ ಎಂಬ ಕಣಿವೆಗೆ ಬಂದನು. ಸುತ್ತಲೂ ಬೆಟ್ಟಗಳು, ನಡುವೆ ವಲೆನ್ಸಿಯ ಎಂಬ ವಿಶಾಲವಾದ ಸರೋವರ. ಬೆಟ್ಟಗಳಿಂದಿಳಿದ ಹೊಳೆಗಳು ಅದನ್ನು ಸೇರುತ್ತಿದ್ದವು. ಅಲ್ಲಿಂದ ಕಡಲಿಗೆ ಹರಿದು ಹೋಗುವ ದಾರಿಯಿರಲಿಲ್ಲ. ಆ ಪ್ರಾಂತ್ಯದ ಜನರಿಗೆ ಒಂದು ಚಿಂತೆ ಹತ್ತಿತ್ತು. ವರುಷದಿಂದ ವರುಷಕ್ಕೆ ಸರೋವರದ ನೀರು ಇಳಿಯುತ್ತಿತ್ತು. ಹಿಂದೆ ನೀರಿನಡಿಯಲ್ಲಿದ್ದ ದಿಬ್ಬಗಳು ದ್ವೀಪಗಳಾಗಿ ತಲೆಯೆತ್ತಿದ್ದವು; ದ್ವೀಪಗಳಾಗಿದ್ದವು ದಡಕ್ಕೆ ಸೇರಿಕೊಂಡಿದ್ದವು. ಸರೋವರದ ತಳದಲ್ಲಿ ಎಲ್ಲಿಯೋ ಬಿರುಕು ಬಿಟ್ಟು ನೀರು ಪಾತಾಳಕ್ಕೆ ಸೋರಿಹೋಗುತ್ತಿದೆಯೆಂದು ಜನರು ನಂಬಿದ್ದರು.

ಹಂಬೋಲ್ಟ್ ಈ ಮಾತನ್ನು ಒಪ್ಪಲಿಲ್ಲ; ಒಪ್ಪದೆ ಸುಮ್ಮನೆ ಕೂರಲೂ ಇಲ್ಲ. ನೀರಿನ ಉಷ್ಣತೆಯನ್ನು ಅಳೆದನು. ಬಿಸಿಲಿಗೆ ಎಷ್ಟು ನೀರು ಆವಿಯಾಗಬಹುದೆಂದು ಲೆಕ್ಕ ಹಾಕಿದನು. ಹೊಳೆಗಳ ಗುಂಟ ನಡೆದು ಅವು ಹುಟ್ಟುವ ಬೆಟ್ಟಗಳನ್ನು ನೋಡಿದನು. ಆಗ ಅವನಿಗೆ ಕಂಡುಬಂದ ಸಂಗತಿ ಇದು. ಯೂರೋಪಿನ ಬಟ್ಟೆಗಳಿಗೆ ಬಣ್ಣ ಕೊಡಲು ನೀಲಿಗೆ ಬಹಳ ಬೇಡಿಕೆಯಿತ್ತು. ಆ ಲಾಭಕ್ಕಾಗಿ ತೋಟದ ಒಡೆಯರು ಕಣಿವೆಯಲ್ಲಿ ನೀಲಿ, ಹತ್ತಿ, ಕಬ್ಬುಗಳನ್ನು ಬೆಳೆಸುತ್ತಿದ್ದರು. ಅದಕ್ಕಾಗಿ ಬೆಟ್ಟದ ಮೈಮೇಲಿನ ಕಾಡನ್ನು ಕಡಿದಿದ್ದರು. ಹೊಳೆಗಳ ನೀರನ್ನು ಕಾಲುವೆಗಳ ಮೂಲಕ ಹೊಲಗಳಿಗೆ ತಿರುಗಿಸಿದ್ದರು. ಹೀಗೆ ಸರೋವರಕ್ಕೆ ಬರಬೇಕಾದ ನೀರು ಹಾದಿಯಲ್ಲಿಯೇ ಮುಗಿದುಹೋಗುತ್ತಿತ್ತು. ಮರಗಳ ನೆರಳೂ, ಬೇರುಗಳ ಹಿಡಿತವೂ ಇಲ್ಲದ ಬೆಟ್ಟದಲ್ಲಿ ಮಳೆಯ ನೀರು ನಿಲ್ಲದೆ ಒಮ್ಮೆಲೇ ಧುಮುಕಿ ಮಣ್ಣನ್ನು ಕೊಚ್ಚಿಕೊಂಡು ಬರುತ್ತಿತ್ತು. ಮಳೆ ನಿಂತ ಮೇಲೆ ಹೊಳೆಗಳು ಬರಿದಾಗುತ್ತಿದ್ದವು. ಮಳೆಗಾಲದಲ್ಲಿ ಪ್ರವಾಹ, ಬೇಸಗೆಯಲ್ಲಿ ಬರ. ಎರಡಕ್ಕೂ ಕಾರಣ ಒಂದೇ ಎಂದು ಅವನು ತಿಳಿಸಿದನು.

ಇದರಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಸರೋವರವು ಹಿಂದೆ ಸರಿದಂತೆ ಬಯಲಾದ ನೆಲ ಫಲವತ್ತಾದುದು. ಅದನ್ನು ಕಂಡ ರೈತರು ಅಲ್ಲಿಯೂ ಬಾಳೆ, ಕಬ್ಬು, ಹತ್ತಿಗಳನ್ನು ನೆಟ್ಟರು. ಹೊಸ ಹೊಲಕ್ಕೆ ಹೊಸ ಕಾಲುವೆ ಬೇಕಾಯಿತು. ಹೊಸ ಕಾಲುವೆ ಮತ್ತಷ್ಟು ನೀರನ್ನು ಎಳೆಯಿತು. ಸರೋವರ ಇನ್ನೂ ಹಿಂದೆ ಸರಿಯಿತು. ಕೊರತೆಯೇ ಲಾಭದ ವೇಷ ತೊಟ್ಟು ಬಂದುದರಿಂದ ಬಹುಮಂದಿಗೆ ಅದು ಕೊರತೆಯೆಂದು ತೋರಲೇ ಇಲ್ಲ. ಒಬ್ಬೊಬ್ಬ ರೈತನ ಲೆಕ್ಕದಲ್ಲಿ ಸರಿಯಾಗಿದ್ದುದು ಇಡೀ ಕಣಿವೆಯ ಲೆಕ್ಕದಲ್ಲಿ ತಪ್ಪಾಗಿತ್ತು.

ಮುಂದೆ ಹಂಬೋಲ್ಟ್ ಒರಿನೋಕೊ ನದಿಯ ಮೇಲೆ ದೋಣಿಯಲ್ಲಿ ಎರಡೂವರೆ ತಿಂಗಳು ಸಂಚರಿಸಿದನು. ಸೊಳ್ಳೆಗಳ ಕಾಟ, ಮಳೆ, ಹಸಿವು, ಮೊಸಳೆಗಳ ಭಯ ಯಾವುದೂ ಅವನನ್ನು ತಡೆಯಲಿಲ್ಲ. ಆ ನದಿಯ ಮರಳದಿಣ್ಣೆಗಳಲ್ಲಿ ವರುಷಕ್ಕೊಮ್ಮೆ ಸಾವಿರಾರು ಆಮೆಗಳು ಬಂದು ಮೊಟ್ಟೆಯಿಡುತ್ತಿದ್ದವು. ಆ ಮೊಟ್ಟೆಗಳಿಂದ ಎಣ್ಣೆ ತೆಗೆಯುವುದು ಅಲ್ಲಿನ ಒಂದು ದೊಡ್ಡ ಉದ್ಯಮ. ಹಿಂದೆ ಅಲ್ಲಿದ್ದ ಜೆಸೂಯಿಟ್ ಪಾದ್ರಿಗಳು ದಿಣ್ಣೆಯ ಒಂದು ಭಾಗವನ್ನು ಮುಟ್ಟದೆ ಬಿಡುವ ಕಟ್ಟುಪಾಡನ್ನಿಟ್ಟಿದ್ದರು. ಆಮೆಯ ಸಂತತಿ ಉಳಿಯಲೆಂಬುದು ಅದರ ಉದ್ದೇಶ. ಅವರು ಹೋದ ಮೇಲೆ ಬಂದವರು ಆ ಕಟ್ಟುಪಾಡನ್ನು ಕೈಬಿಟ್ಟು ಇಡೀ ದಿಣ್ಣೆಯನ್ನು ಅಗೆಯತೊಡಗಿದರು. ಪ್ರತಿ ವರುಷವೂ ಮೊಟ್ಟೆಗಳು ಕಡಿಮೆಯಾಗುತ್ತ ಬಂದುವು. ಹಂಬೋಲ್ಟ್ ಈ ಸಂಗತಿಯನ್ನು ಎಣ್ಣೆಯ ಲೆಕ್ಕದ ಸಮೇತ ತನ್ನ ದಿನಚರಿಯಲ್ಲಿ ಬರೆದಿಟ್ಟನು. ಅದೇ ಪ್ರಯಾಣದಲ್ಲಿ, ಮೊರಿಚೆ ಎಂಬ ತಾಳೆಯ ಮರವೊಂದು ಒಣ ಬಯಲಿನಲ್ಲಿ ತೇವವನ್ನು ಹಿಡಿದಿಟ್ಟು, ಹುಳುಹುಪ್ಪಟೆ, ಹಕ್ಕಿ, ಮನುಷ್ಯ ಎಲ್ಲರಿಗೂ ಆಸರೆಯಾಗಿರುವುದನ್ನು ಕಂಡನು. ಒಂದು ಮರ ಹೋದರೆ ಅದರೊಡನೆ ಎಷ್ಟು ಜೀವಗಳು ಹೋಗುತ್ತವೆಂಬುದು ಅವನಿಗೆ ಸ್ಪಷ್ಟವಾಯಿತು.

1802ರ ಜೂನ್ 23ರಂದು ಅವನು ಆಂಡೀಸ್ ಶ್ರೇಣಿಯ ಚಿಂಬೊರಾಸೊ ಪರ್ವತವನ್ನೇರಿದನು. ಜಗತ್ತಿನಲ್ಲಿ ಅದಕ್ಕಿಂತ ಎತ್ತರವಾದ ಪರ್ವತವಿಲ್ಲವೆಂದು ಆಗ ನಂಬಿಕೆಯಿತ್ತು. ಉಸಿರು ಕಟ್ಟಿತು, ಒಸಡುಗಳಿಂದ ರಕ್ತ ಒಸರಿತು, ಕೈಕಾಲು ಮರಗಟ್ಟಿದವು. ಅವನ ಅಳತೆಯಂತೆ 5,800 ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಆಳವಾದ ಕಂದರವೊಂದು ಅಡ್ಡ ಬಂದುದರಿಂದ ಶಿಖರವನ್ನು ಮುಟ್ಟಲಾಗಲಿಲ್ಲ. ಆದರೂ ಅಂದಿನವರೆಗೆ ಅಷ್ಟು ಎತ್ತರವನ್ನೇರಿದುದಾಗಿ ಯಾರೂ ದಾಖಲಿಸಿರಲಿಲ್ಲ. ಬುಡದಲ್ಲಿ ಉಷ್ಣವಲಯದ ದಟ್ಟ ಕಾಡು, ಮೇಲೇರಿದಂತೆ ಕುರುಚಲು ಗಿಡ, ಇನ್ನೂ ಮೇಲೆ ಹುಲ್ಲು, ಆಮೇಲೆ ಕಲ್ಲುಹೂ, ಕೊನೆಗೆ ಹಿಮ. ಈ ಕ್ರಮವನ್ನು ಅವನು ಒಂದೇ ದೊಡ್ಡ ಚಿತ್ರದಲ್ಲಿ ಬಿಡಿಸಿ, ಎತ್ತರ, ಉಷ್ಣತೆ, ಗಾಳಿಯ ಒತ್ತಡ ಮತ್ತು ಸಸ್ಯಜಾತಿಗಳ ಸಂಬಂಧವನ್ನು ಒಮ್ಮೆಗೇ ಕಾಣುವಂತೆ ತೋರಿಸಿದನು. ಗಿಡಗಳನ್ನು ಬಿಡಿಬಿಡಿಯಾಗಿ ಹೆಸರಿಸಿ ಒಣಗಿಸಿಡುವುದರಲ್ಲಿಯೇ ವಿಜ್ಞಾನಿಗಳು ತೃಪ್ತರಾಗಿದ್ದ ಕಾಲದಲ್ಲಿ ಇದೊಂದು ಹೊಸ ದೃಷ್ಟಿ.

ಅಮೆರಿಕದ ಅನೇಕ ಪ್ರಾಂತ್ಯಗಳನ್ನು ಐದು ವರುಷ ಸುತ್ತಿ, 1804ರ ಆಗಸ್ಟಿನಲ್ಲಿ ಹಂಬೋಲ್ಟ್ ಫ್ರಾನ್ಸಿಗೆ ಮರಳಿದನು. ಅವನೂ ಬೋಂಪ್ಲಾಂಡನೂ ಸಂಗ್ರಹಿಸಿ ತಂದ ಸಸ್ಯಗಳಲ್ಲಿ ಸುಮಾರು 6,000 ಜಾತಿಗಳಿದ್ದವು. ಅವುಗಳಲ್ಲಿ ಬಹಳಷ್ಟು ಯೂರೋಪಿನ ವಿದ್ವಾಂಸರಿಗೆ ಹೊಸವು. ಮುಂದಿನ ಎರಡು ದಶಕಗಳನ್ನು ಹೆಚ್ಚಾಗಿ ಪ್ಯಾರಿಸಿನಲ್ಲಿ ಕಳೆದು, ಸಂಪುಟದ ಮೇಲೆ ಸಂಪುಟವಾಗಿ ತನ್ನ ಅನುಭವಗಳನ್ನು ಪ್ರಕಟಿಸಿದನು. ಚಿತ್ರಗಳ ಕೆತ್ತನೆಗೂ ಮುದ್ರಣಕ್ಕೂ ಹಣ ನೀರಿನಂತೆ ಖರ್ಚಾಯಿತು. ತಾಯಿಯಿಂದ ಬಂದ ಆಸ್ತಿಯೆಲ್ಲ ಕರಗಿಹೋಯಿತು.

ಗುಲಾಮಗಿರಿಯ ವಿಷಯದಲ್ಲಿ ಅವನ ನಿಲುವು ಖಚಿತವಾಗಿತ್ತು. ಕ್ಯೂಬ ದ್ವೀಪವನ್ನು ಕುರಿತ ಗ್ರಂಥದಲ್ಲಿ ಅವನು ಸಕ್ಕರೆಯ ತೋಟಗಳ ಲೆಕ್ಕವನ್ನು ಬಿಡಿಸಿ ತೋರಿಸಿದನು. ಬೆಳೆಯೆಂದರೆ ಕಬ್ಬೊಂದೇ ಆದಾಗ ಊಟದ ಧಾನ್ಯಕ್ಕಾಗಿ ಹೊರದೇಶಗಳ ಕಡೆ ಕೈಚಾಚಬೇಕಾಗುತ್ತದೆ. ಆ ಬೆಳೆಯ ಲಾಭವಾದರೋ ಗುಲಾಮರ ಬೆವರಿನಿಂದ ಬಂದದ್ದು. ನೆಲವನ್ನು ಬಳಲಿಸುವ ಪದ್ಧತಿಯೂ ಮನುಷ್ಯನನ್ನು ಬಳಲಿಸುವ ಪದ್ಧತಿಯೂ ಒಂದೇ ಬೇರಿನಿಂದ ಹುಟ್ಟಿದವೆಂದು ಅವನು ಕಂಡುಕೊಂಡನು. 1856ರಲ್ಲಿ ಅಮೆರಿಕದಲ್ಲಿ ಈ ಗ್ರಂಥದ ಅನುವಾದ ಪ್ರಕಟವಾದಾಗ, ಗುಲಾಮಗಿರಿಯನ್ನು ಖಂಡಿಸುವ ಅಧ್ಯಾಯವನ್ನು ಅನುವಾದಕನು ಕೈಬಿಟ್ಟಿದ್ದನು. ಆಗ ಎಂಬತ್ತಾರು ವರುಷದ ವೃದ್ಧನಾಗಿದ್ದ ಹಂಬೋಲ್ಟ್ ಪತ್ರಿಕೆಗಳ ಮೂಲಕ ಬಹಿರಂಗವಾಗಿ ಪ್ರತಿಭಟಿಸಿದನು. ಉಳಿದ ಅಂಕಿಅಂಶಗಳೆಲ್ಲಕ್ಕಿಂತ ಆ ಅಧ್ಯಾಯವೇ ತನಗೆ ಮುಖ್ಯವೆಂದು ಅವನು ತಿಳಿಸಿದನು.

ಹಿಮಾಲಯವನ್ನು ನೋಡಬೇಕು, ಆಂಡೀಸ್ ಶ್ರೇಣಿಯೊಡನೆ ಹೋಲಿಸಬೇಕೆಂಬುದು ಹಂಬೋಲ್ಟನ ಬಹುಕಾಲದ ಹಂಬಲವಾಗಿತ್ತು. ಭಾರತಕ್ಕೆ ಬರಲು ಅನುಮತಿ ಪಡೆಯುವುದಕ್ಕಾಗಿ ಅವನು ಲಂಡನ್ನಿಗೆ ಹಲವು ಬಾರಿ ಹೋದನು. ಆದರೆ ಈಸ್ಟ್ ಇಂಡಿಯಾ ಕಂಪನಿಯಿಂದ ಅನುಮತಿ ಬರಲೇ ಇಲ್ಲ. ಸ್ಪೇನಿನ ವಸಾಹತುಗಳ ಆಡಳಿತವನ್ನು ನಿರ್ದಾಕ್ಷಿಣ್ಯವಾಗಿ ವಿಮರ್ಶಿಸಿದವನನ್ನು ತನ್ನ ನೆಲದಲ್ಲಿ ಬಿಡಲು ಕಂಪನಿ ಅಂಜಿರಬೇಕೆಂದು ಇತಿಹಾಸಕಾರರು ಭಾವಿಸುತ್ತಾರೆ. ಅವನು ಬರದಿದ್ದರೂ ಅವನ ವಿಚಾರಗಳು ಭಾರತಕ್ಕೆ ಬಂದವು. ಮೈಸೂರು ಸಂಸ್ಥಾನದ ಶಿವಮೊಗ್ಗದಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗಾರ್ನ್ ಮಲೆನಾಡಿನ ಕಾಡುಗಳು ಕರಗುತ್ತಿರುವುದನ್ನು ಕಂಡನು. ಉಷ್ಣವಲಯದ ಅರಣ್ಯನಾಶದ ಪರಿಣಾಮಗಳನ್ನು ಕುರಿತು ಅವನೂ ಅವನ ಸಂಗಡಿಗರೂ 1851ರಲ್ಲಿ ಸಿದ್ಧಪಡಿಸಿದ ವರದಿಯ ಹಿಂದೆ ಹಂಬೋಲ್ಟನ ವಿಚಾರಗಳಿದ್ದವು. 1856ರಲ್ಲಿ ಕ್ಲೆಗಾರ್ನ್ ಮದರಾಸು ಪ್ರಾಂತ್ಯದ ಅರಣ್ಯಾಧಿಕಾರಿಯಾದನು. ಆದರೆ ಮುಂದೆ ಬಂದ ಅರಣ್ಯ ಕಾನೂನುಗಳು ಕಾಡನ್ನು ಸರ್ಕಾರದ ಸೊತ್ತಾಗಿ ಮಾಡಿ, ಅದರಲ್ಲಿಯೇ ಬದುಕುತ್ತಿದ್ದ ಜನರ ಸೌದೆ, ಸೊಪ್ಪು, ಮೇವಿನ ಹಕ್ಕುಗಳನ್ನು ಮೊಟಕುಗೊಳಿಸಿದುವು. ಕಾಡನ್ನು ಕಾಯುವ ವಿಚಾರ ಒಳ್ಳೆಯದು. ಅದನ್ನು ಯಾರಿಗಾಗಿ, ಯಾರನ್ನು ಹೊರಗಿಟ್ಟು ಕಾಯಲಾಗುತ್ತದೆಂಬ ಪ್ರಶ್ನೆಯೂ ಅಷ್ಟೇ ಮುಖ್ಯವೆಂದು ಈ ಇತಿಹಾಸ ಕಲಿಸುತ್ತದೆ.

1827ರಲ್ಲಿ ಹಂಬೋಲ್ಟ್ ಬರ್ಲಿನ್ನಿಗೆ ಹಿಂದಿರುಗಿ ಅರಮನೆಯ ಸೇವೆಯಲ್ಲಿ ನಿಂತನು. ಆ ಚಳಿಗಾಲದಲ್ಲಿ ಅವನು ವಿಶ್ವವನ್ನು ಕುರಿತು ನೀಡಿದ ಉಪನ್ಯಾಸಗಳಿಗೆ ಪ್ರವೇಶಶುಲ್ಕವಿರಲಿಲ್ಲ. ರಾಜಮನೆತನದವರ ಜೊತೆಯಲ್ಲಿ ವಿದ್ಯಾರ್ಥಿಗಳೂ, ಕಸಬುದಾರರೂ, ವಿಶ್ವವಿದ್ಯಾನಿಲಯದ ಬಾಗಿಲು ತೆರೆಯದ ಹೆಂಗಸರೂ ಕುಳಿತು ಕೇಳಿದರು. 1829ರಲ್ಲಿ ರಷ್ಯದ ಚಕ್ರವರ್ತಿಯ ಆಹ್ವಾನದ ಮೇಲೆ ಉರಲ್ ಬೆಟ್ಟಗಳನ್ನು ದಾಟಿ ಚೀನದ ಗಡಿಯವರೆಗೂ ಹೋಗಿಬಂದನು. ಅರುವತ್ತನೆಯ ಹುಟ್ಟುಹಬ್ಬ ಆ ದಾರಿಯಲ್ಲಿಯೇ ಕಳೆಯಿತು. ಮಧ್ಯ ಏಷ್ಯವನ್ನು ಕುರಿತು 1843ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮನುಷ್ಯನು ಹವಾಮಾನವನ್ನು ಮೂರು ಬಗೆಯಲ್ಲಿ ಮಾರ್ಪಡಿಸುತ್ತಾನೆಂದು ಅವನು ಬರೆದನು. ಕಾಡನ್ನು ಕಡಿಯುವುದರಿಂದ, ನೀರಿನ ಹರಿವನ್ನು ಬದಲಿಸುವುದರಿಂದ, ಕೈಗಾರಿಕಾ ಕೇಂದ್ರಗಳಲ್ಲಿ ಅನಿಲ ಮತ್ತು ಹಬೆಯನ್ನು ಅಪಾರವಾಗಿ ಹೊರಹಾಕುವುದರಿಂದ. ಭೂಮಿಯ ತಾಪ ಏರುತ್ತಿರುವುದನ್ನು ಕುರಿತು ಇಂದು ಜಗತ್ತೆಲ್ಲ ಚರ್ಚಿಸುತ್ತಿರುವಾಗ ಈ ಮಾತು ನಮ್ಮನ್ನು ಬೆರಗುಗೊಳಿಸುತ್ತದೆ.

ಕೊನೆಯ ವರುಷಗಳನ್ನು ಅವನು 'ಕಾಸ್ಮೋಸ್' ಎಂಬ ಮಹಾಗ್ರಂಥದ ರಚನೆಯಲ್ಲಿ ಕಳೆದನು. ಅದರ ಮೊದಲ ಸಂಪುಟ 1845ರಲ್ಲಿ ಹೊರಬಂದಿತು. ನಕ್ಷತ್ರಗಳಿಂದ ಹಿಡಿದು ಹಾವಸೆಯವರೆಗೆ ಇಡೀ ವಿಶ್ವವನ್ನು ಒಂದೇ ನೋಟದಲ್ಲಿ ಕಾಣಿಸುವ ಪ್ರಯತ್ನ ಅದು. ಐದನೆಯ ಸಂಪುಟ ಮುಗಿಯುವ ಮೊದಲೇ, 1859ರ ಮೇ 6ರಂದು, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ಆ ಹೊತ್ತಿಗೆ ಅವನ ಕೈಯಲ್ಲಿ ಹಣವೇನೂ ಉಳಿದಿರಲಿಲ್ಲ. ತನ್ನ ಬಡತನದ ನಡುವೆಯೂ ಅವನು ಕಿರಿಯ ವಿಜ್ಞಾನಿಗಳಿಗೆ ನೆರವಾಗುತ್ತಲೇ ಬಂದಿದ್ದನು. ಡಾರ್ವಿನ್ನನು ತನ್ನ ಪ್ರಸಿದ್ಧ ಹಡಗುಯಾತ್ರೆಯಲ್ಲಿ ಹಂಬೋಲ್ಟನ ಪ್ರವಾಸಕಥನವನ್ನು ಜೊತೆಯಲ್ಲಿಟ್ಟುಕೊಂಡಿದ್ದನು.

ವಲೆನ್ಸಿಯ ಸರೋವರದ ಕಥೆ ಹಂಬೋಲ್ಟನೊಂದಿಗೆ ಮುಗಿಯಲಿಲ್ಲ. ಅವನು ಪ್ರೋತ್ಸಾಹಿಸಿ ಕಳುಹಿಸಿದ ಬೂಸೆಂಗೊ ಎಂಬ ಫ್ರೆಂಚ್ ವಿಜ್ಞಾನಿ 1822ರಲ್ಲಿ ಅಲ್ಲಿಗೆ ಹೋದಾಗ ಸರೋವರದ ನೀರು ಮತ್ತೆ ಏರಿತ್ತು. ಹೊಸದಾಗಿ ತಲೆಯೆತ್ತಿದ್ದ ದ್ವೀಪಗಳು ಮುಳುಗಿದ್ದವು. ಮಧ್ಯದ ವರುಷಗಳಲ್ಲಿ ಸ್ಪೇನಿನ ಆಳ್ವಿಕೆಯ ವಿರುದ್ಧ ಸ್ವಾತಂತ್ರ್ಯಯುದ್ಧ ನಡೆದಿತ್ತು. ತೋಟಗಳು ಹಾಳುಬಿದ್ದವು, ಗುಲಾಮರು ಬಿಡುಗಡೆಗಾಗಿ ಸೈನ್ಯವನ್ನು ಸೇರಿದರು, ಪಾಳುಬಿದ್ದ ನೆಲದಲ್ಲಿ ಕಾಡು ಮರಳಿ ಬೆಳೆಯಿತು, ಹೊಳೆಗಳು ಮತ್ತೆ ಸರೋವರವನ್ನು ಸೇರಿದವು. ಇಪ್ಪತ್ತನೆಯ ಶತಮಾನದಲ್ಲಿ ಸುತ್ತಲೂ ನಗರಗಳೂ ಕಾರ್ಖಾನೆಗಳೂ ಬೆಳೆದು ಸರೋವರ ಮಲಿನವಾಯಿತು. ಬೇರೆ ಕಣಿವೆಗಳಿಂದ ನಗರಗಳಿಗೆ ತಂದ ನೀರು ಬಳಕೆಯಾಗಿ ಕೊಳಚೆಯಾಗಿ ಅದನ್ನೇ ಸೇರಿದುದರಿಂದ, ಮಟ್ಟ ಏರಿ ದಡದ ಮನೆಗಳಿಗೆ ನುಗ್ಗಿತು. ಇಳಿದಾಗಲೂ ಏರಿದಾಗಲೂ ಸರೋವರವು ಸುತ್ತಣ ಜನಜೀವನದ ಕನ್ನಡಿಯಾಗಿಯೇ ಉಳಿಯಿತು.

ಕಾಡಿಗೂ ನೀರಿಗೂ ಇರುವ ಸಂಬಂಧವು ಹಂಬೋಲ್ಟ್ ಎಣಿಸಿದುದಕ್ಕಿಂತ ಜಟಿಲವಾದುದೆಂದು ಈಚಿನ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಬೆಳೆಯುವ ಮರಗಳೂ ಬಹಳ ನೀರನ್ನು ಹೀರುತ್ತವೆ. ಎಲ್ಲ ನೆಲಕ್ಕೂ ಒಂದೇ ಲೆಕ್ಕ ಹೊಂದುವುದಿಲ್ಲ. ಆದರೆ ಅವನು ಹಿಡಿದ ದಾರಿ ಇಂದಿಗೂ ಸರಿಯಾದುದೇ ಆಗಿದೆ. ನಮ್ಮೂರಿನ ಕೆರೆ ಬತ್ತಿದಾಗ ಮಳೆಯನ್ನೊಂದನ್ನೇ ದೂರುವುದು ಸುಲಭ. ಅದಕ್ಕೆ ನೀರು ತರುವ ಹಳ್ಳ ಎಲ್ಲಿ ಹುಟ್ಟುತ್ತದೆ, ಹಾದಿಯಲ್ಲಿ ಅದನ್ನು ತಡೆದವರಾರು, ಸುತ್ತಲಿನ ಹೊಲಗಳಲ್ಲಿ ಏನನ್ನು ಬೆಳೆಯುತ್ತಾರೆ, ಆ ಬೆಳೆ ಯಾವ ಪೇಟೆಗೆ ಹೋಗುತ್ತದೆ, ಕೆರೆಯ ಹೂಳನ್ನು ತೆಗೆಯುವ ಹೊಣೆ ಯಾರದು ಎಂದು ಒಂದೊಂದಾಗಿ ನಡೆದು ನೋಡಿ, ಅಳೆದು, ಕೇಳಿ ತಿಳಿಯುವುದು ಕಷ್ಟ. ಹಂಬೋಲ್ಟ್ ತನ್ನ ಜೀವಮಾನವೆಲ್ಲ ಆಯ್ದುಕೊಂಡದ್ದು ಈ ಕಷ್ಟದ ಕೆಲಸವನ್ನೇ.